ಬಿಳೇಕುಂಟೆಯ ಮಣ್ಣು ಹೊತ್ತವನು

"ಇದನ್ನ ನನ್ನ ತಲೆ ಮ್ಯಾಲಿಂದ ಇಳಿಸ್‌ಬ್ಯಾಡಿ ಸಾಮಿ," ಎಂದ ಮಾರಯ್ಯ.

ಹೊಂಗೆ ಮರದ ಬೇರಿನ ಮೇಲೆ ಕುಸಿದು ಕೂತಿದ್ದ ಮುದುಕನ ಎದೆ ತಿದಿಯಂತೆ ಏಳುತ್ತಿತ್ತು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ತೆಂಗಿನಕಾಯಿಗಿಂತ ದೊಡ್ಡದಾದ ಹಸಿಮಣ್ಣಿನ ಉಂಡೆ. ಉಂಡೆಯ ನಡುವೆ ಬೆರಳಿನಿಂದ ಕುಳಿ ತೋಡಿ, ಕುಂಟೆಯ ನೀರು ತುಂಬಿ, ಬಾಯಿಗೆ ಮತ್ತೆ ಮಣ್ಣು ಮೆತ್ತಲಾಗಿತ್ತು. ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೂ ಅದು ಒಣಗಿರಲಿಲ್ಲ. ಅದರಿಂದ ಪಾಳುಬಾವಿಯ ತಳದ ವಾಸನೆ ಬರುತ್ತಿತ್ತು.

ಸಿದ್ದಾರೂಢ ಗಡಿಯಾರ ನೋಡಿಕೊಂಡ. ಗದಗಿನ ಕಡೆಯವನಾದ ಅವನು ಜಯನಗರದ ಒಂದು ಖಾಸಗಿ ಸರ್ವೆ ಕಚೇರಿಗೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಮೈಲಿಯಾಚೆಯ ಗುರುತನ್ನು ಬೆರಳಗಲದ ತಪ್ಪಿಲ್ಲದೆ ಹೇಳುವ ಯಂತ್ರ ಅವನ ಮುಂದೆ ಮೂರು ಕಾಲಿನ ಮೇಲೆ ನಿಂತಿತ್ತು. ಹೀಗಿರುವಾಗ ಮಣ್ಣುಂಡೆ ಹೊತ್ತ ಮುದುಕನೊಬ್ಬನ ಹಿಂದೆ ಬೆಳಗಿನಿಂದ ನಡೆಯುತ್ತಿರುವುದು ಅವನಿಗೆ ನಗು ತರಿಸಿತ್ತು. ಈಗ ಆ ನಗುವೂ ಮುಗಿದು ಬೇಸರ ಹತ್ತಿತ್ತು.

ಉತ್ತರಹಳ್ಳಿ ದಾಟಿ ಸ್ವಲ್ಪ ದೂರ ಹೋದರೆ ಬಿಳೇಕುಂಟೆ. ಅಲ್ಲಿ ಒಂದು ಗೃಹ ನಿರ್ಮಾಣ ಸಂಘ ಜಮೀನು ಕೊಂಡಿತ್ತು. ಪಕ್ಕದಲ್ಲೇ ಕುಂಟೆಯ ಸುತ್ತ ಎರಡೂವರೆ ಎಕರೆಯ ಸ್ಮಶಾನ. ಅದು ಊರಾಚೆಯ ಕಾಲೋನಿಯವರದು. ಎರಡರ ನಡುವಿನ ಗಡಿಕಲ್ಲುಗಳು ಎಂದೋ ಕಾಣೆಯಾಗಿದ್ದವು. ಹಳೆಯ ಗ್ರಾಮನಕ್ಷೆಯ ಆ ಮೂಲೆಯನ್ನು ಗೆದ್ದಲು ತಿಂದಿತ್ತು. ಹಾಗಾಗಿ ಎರಡೂ ಕಡೆಯವರು ಹಿಂದಿನ ಕ್ರಮಕ್ಕೆ ಒಪ್ಪಿದ್ದರು: ಊರಿನ ಕುಳವಾಡಿ ತಲೆಯ ಮೇಲೆ ಊರಿನ ಮಣ್ಣು ಹೊತ್ತು ನಡೆಯಬೇಕು, ಅವನು ನಡೆದದ್ದೇ ಗಡಿ. ಸರ್ವೆಯವನು ಅದನ್ನು ಬರೆದುಕೊಳ್ಳಬೇಕು. ತಲೆತಲಾಂತರದಿಂದ ಗಡಿ ಕಾಯುವ ಕೆಲಸ ಕುಳವಾಡಿಯದು. ಊರಿನ ಎಲ್ಲೆ ಬಲ್ಲವನು ಅವನೊಬ್ಬನೇ. ಊರೊಳಗೆ ಮನೆ ಇಲ್ಲದವನೂ ಅವನೇ. ಮಾರಯ್ಯನ ಗುಡಿಸಲು ಸ್ಮಶಾನದ ಒಳಗೇ ಇತ್ತು.

ಬೆಳಗಿನಿಂದ ಮುದುಕ ನಡೆದ ಗೆರೆ ಹಾವಿನಂತೆ ಸೊಟ್ಟಾಗಿತ್ತು. ಒಂದು ಗುಡ್ಡೆಯನ್ನು ಬಳಸಿ, ಒಂದು ಬೇವಿನ ಮೋಟನ್ನು ಬಲಕ್ಕೆ ಬಿಟ್ಟು, ಏನೂ ಇಲ್ಲದ ಕಡೆಯಲ್ಲಿ ಎಡಕ್ಕೆ ತಿರುಗಿ. ಸಂಘದ ಕಾರ್ಯದರ್ಶಿ ಸೇತುರಾಮ ತಂದಿದ್ದ ನಕ್ಷೆಯಲ್ಲಿ ಅದೇ ಗೆರೆ ಸ್ಕೇಲಿಟ್ಟು ಎಳೆದಂತಿತ್ತು. ಸಿದ್ದಾರೂಢನಿಗೆ ಯಾರೂ ಆಮಿಷ ಒಡ್ಡಿರಲಿಲ್ಲ, ಹೆದರಿಸಿಯೂ ಇರಲಿಲ್ಲ. ನೇರವಾದದ್ದು ನಿಜ, ಸೊಟ್ಟಾದದ್ದು ಮರೆವು ಎಂದು ಅವನೇ ನಂಬಿದ್ದ. ಅವನು ಓದಿದ್ದೇ ಹಾಗೆ.

"ಅಜ್ಜಾರ, ನಿಮಗ ನಡಿಯಾಕ ಆಗವಲ್ದು," ಎಂದ. "ಕೊಡ್ರಿಲ್ಲೆ, ನಾ ಹೊರತೀನಿ. ಗದಗಿನ್ಯಾಗ ನೀರಿನ ಕೊಡಾ ಹೊತ್ತು ಬೆಳದ ತಲಿ ಇದು."

"ಬ್ಯಾಡ ಸಾಮಿ. ಹೊತ್ತೋನು ಸುಳ್ಳು ಗೆರೆ ತುಳುದ್ರೆ ಉಂಡೆ ತಾನಾಗೇ ಒಡೀತದೆ. ಹದಿನೈದೇ ದಿನ. ಆಮ್ಯಾಕೆ ಅವನ ಮನೆ ಇರಾಕಿಲ್ಲ."

"ನಂದು ಬಾಡಿಗಿ ಮನಿ ಐತ್ರಿ. ಹಾಳಾದ್ರ ಓನರ್ ನೋಡ್ಕೊತಾನ."

ಸೇತುರಾಮ ನಕ್ಕರು. ಅಳತೆಯ ಕಂಬ ಹಿಡಿಯುವ ಕೆಲಸದ ದೇವದಾಸನೂ ನಕ್ಕ. ಕಾಲೋನಿಯಿಂದ ಬಂದು ನಿಂತಿದ್ದ ಇಪ್ಪತ್ತು ಮೂವತ್ತು ಜನ ನಗಲಿಲ್ಲ. ಮಾರಯ್ಯ ಮೂರನೆಯ ಸಲವೂ ಬೇಡವೆಂದ. ಈ ಸಲ ಬಹಳ ಮೆಲ್ಲಗೆ, ಪೂಜೆಯಲ್ಲಿ ಹೇಳಲೇಬೇಕಾದ ಮಾತು ಹೇಳುವವನಂತೆ. ಸಿದ್ದಾರೂಢ ಬಗ್ಗಿ ಉಂಡೆಯನ್ನು ಸಿಂಬಿಯ ಸಮೇತ ಎತ್ತಿ ತನ್ನ ತಲೆಗಿಟ್ಟುಕೊಂಡ. ಅದು ಅಂದುಕೊಂಡದ್ದಕ್ಕಿಂತ ಹಗುರಾಗಿತ್ತು.

ಅವನು ನೇರವಾಗಿ ನಡೆದ. ದೇವದಾಸ ಹಿಂದೆ ಗೂಟ ಹೊಡೆಯುತ್ತಾ ಬಂದ. ಎರಡು ಗೂಟ ದಾಟಿತು. ಮೂರನೆಯದರ ಹತ್ತಿರ ನೆತ್ತಿಯ ಮೇಲೆ ಒಣಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ಹಣೆಯ ಮೇಲೆ ನೀರಿಳಿಯಿತು. ಮುಂಜಾನೆ ಕುಂಟೆಯಿಂದ ತುಂಬಿದ ತಣ್ಣೀರು. ಈಗ ಮೈಶಾಖದಷ್ಟು ಬೆಚ್ಚಗಿತ್ತು. ಅದು ಕಣ್ಣಿಗೆ, ತುಟಿಗೆ ಇಳಿದು ಬಾಯೊಳಗೆ ಬೂದಿಯ ರುಚಿ ಹರಡಿತು. ಉಂಡೆ ಎರಡು ಹೋಳಾಗಿ ಅವನ ಎರಡೂ ಪಾದಗಳ ಬಳಿ ಬಿತ್ತು.

ಬೈದಿದ್ದರೆ, ಶಾಪ ಹಾಕಿದ್ದರೆ ಅವನು ನಕ್ಕುಬಿಡುತ್ತಿದ್ದ. ಆದರೆ ಅಷ್ಟೂ ಜನ, ಮನೆಯವರು ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ ಸುಮ್ಮನೆ ನಿಂತಿದ್ದರು. ಮಾರಯ್ಯನ ಮಗಳು ಪಿಳ್ಳಮ್ಮ ಬಂದು ಹೋಳುಗಳನ್ನು ಸೆರಗಿಗೆ ಆಯ್ದುಕೊಂಡು ಹೋದಳು. ಸಿದ್ದಾರೂಢ ಕರವಸ್ತ್ರದಿಂದ ಮುಖ ಒರೆಸಿಕೊಂಡು ಉಳಿದ ಗೂಟಗಳನ್ನೂ ಹೊಡೆಸಿದ. ಅವನ ಗೆರೆ ಸ್ಮಶಾನದೊಳಗೆ ಅತಿ ಹೆಚ್ಚೆಂದರೆ ಹತ್ತು ಅಡಿ ಒಳಸರಿದಿತ್ತು. ಅಷ್ಟೇ. ಎರಡು ದಿನದಲ್ಲಿ ಆ ನಕ್ಷೆ ಕಂಪ್ಯೂಟರ್ ದಾಖಲೆಯಾಯಿತು.

ಬಿಟಿಎಂ ಎರಡನೇ ಹಂತದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ ಸಿದ್ದಾರೂಢನದು. ಒಂದು ಹಾಲ್, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಹೆಂಡತಿ ರಾಜಶ್ರೀಗೆ ಏಳು ತಿಂಗಳು ತುಂಬಿತ್ತು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಹಿಂದೆ ಎರಡು ಸಲ ಇಳಿದುಹೋಗಿತ್ತು. ಬಸ್ಸು ರೈಲು ಹತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಅವಳು ದಿನದ ಬಹುಪಾಲು ಆ ಕೋಣೆಯಲ್ಲಿ, ಪಡುವಣ ಗೋಡೆಗೆ ಹಾಕಿದ ಮಂಚದ ಮೇಲೆ ಇರುತ್ತಿದ್ದಳು.

ಮೊದಲು ಬಂದದ್ದು ವಾಸನೆ. ಕೋಣೆಯಲ್ಲಿ ಹಸಿಮಣ್ಣು ಅಗೆದಿಟ್ಟಂತಿದೆ ಎಂದಳು ಅವಳು. ನಲ್ಲಿಯ ಪೈಪು ಒಡೆದಿರಬೇಕೆಂದ ಅವನು. ನಾಲ್ಕನೆಯ ದಿನ ಕಪಾಟಿನ ಬಾಗಿಲು ಮಂಚಕ್ಕೆ ತಾಗಿ ಪೂರ್ತಿ ತೆರೆಯದಾಯಿತು. ಮಂಚ ಸರಿಸಿದಿರಾ ಎಂದು ಅವಳು ಕೇಳಿದಳು. ಅವನು ಸರಿಸಿರಲಿಲ್ಲ. ಟೇಪು ತಂದು ಅಳೆದ. ಬಾಡಿಗೆಗೆ ಬಂದ ದಿನ, ವೃತ್ತಿಯವರ ಚಟಕ್ಕೆ, ಇಡೀ ಮನೆ ಅಳೆದು ಬರೆದಿಟ್ಟಿದ್ದ. ಕೋಣೆಯ ಅಗಲ ಹತ್ತು ಅಡಿ. ಈಗ ಒಂಬತ್ತು ಅಡಿ ಎರಡು ಅಂಗುಲ.

ಬಿಸಿಲಿಗೆ ಉಕ್ಕಿನ ಟೇಪು ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆಂದು ಲೆಕ್ಕ ಹಾಕಿದ, ಅಕ್ಕಿಕಾಳಿನಷ್ಟೂ ಬರಲಿಲ್ಲ. ಐದನೆಯ ದಿನ ಕಚೇರಿಯ ಯಂತ್ರವನ್ನೇ ಆಟೊದಲ್ಲಿ ಹಾಕಿಕೊಂಡು ಬಂದು ಹಾಲ್‌ನಲ್ಲಿ ನಿಲ್ಲಿಸಿದ. ಎಂಟು ಅಡಿ ಒಂಬತ್ತು ಅಂಗುಲ. ಹೊರಗೆ ಓಣಿಗಿಳಿದು ಗೋಡೆಯ ಹೊರಮೈ ಅಳೆದ. ಅಲ್ಲಿ ಒಂದು ಕೂದಲೂ ಕಡಿಮೆಯಾಗಿರಲಿಲ್ಲ. ಮಾಲೀಕ ಗುರುಬಸಪ್ಪ ಕೆಳಗಿನಿಂದ ನೋಡುತ್ತಾ, ಮನೆ ಕೊಂಡುಕೊಳ್ಳೋ ಐಡಿಯಾನಾ ಸಾರ್ ಎಂದು ತಮಾಷೆ ಮಾಡಿದರು. ಸಿದ್ದಾರೂಢ ಮೇಲೆ ಹೋಗಿ ಪಡುವಣ ಗೋಡೆಯನ್ನು ಗೆಣ್ಣಿನಿಂದ ತಟ್ಟಿದ. ಇಟ್ಟಿಗೆಯ ಸದ್ದಲ್ಲ. ಒದ್ದೆಮಣ್ಣು ತುಂಬಿದ ಚೀಲಕ್ಕೆ ಹೊಡೆದಂಥ ಸದ್ದು. ಆ ಗೋಡೆ ಬಿಳೇಕುಂಟೆಯ ದಿಕ್ಕಿಗಿತ್ತು.

ಅವನಿಗೆ ಲೆಕ್ಕ ಹೊಳೆದದ್ದು ಆಗ. ಮೊದಲ ದಿನ ಒಂದು ಅಂಗುಲ, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು. ಹದಿನೈದು ದಿನಕ್ಕೆ ಕೂಡಿದರೆ ನೂರಾ ಇಪ್ಪತ್ತು ಅಂಗುಲ. ಹತ್ತು ಅಡಿ. ಅವನು ಸ್ಮಶಾನದಿಂದ ತೆಗೆದುಕೊಂಡಿದ್ದು ಎಷ್ಟೋ ಅಷ್ಟು. ರಾಜಶ್ರೀ ಮಲಗುವ ಕೋಣೆ ಎಷ್ಟಿತ್ತೋ ಅಷ್ಟು.

ಆರನೆಯ ದಿನ ಸಂಜೆ ಏಳಕ್ಕೆ ಕರೆಂಟು ಹೋಯಿತು. ಅವನು ಮೇಣದಬತ್ತಿ ಹುಡುಕುತ್ತಿದ್ದಾಗ ಕೋಣೆಯಿಂದ ಅವಳ ದನಿ ಬಂತು.

"ರೀ, ಇಲ್ಲೆ ಬರ್ರಿ. ಗ್ವಾಡಿಯಾಚೆ ಯಾರೋ ಮಗ್ಗಲಾ ಬದಲಿಸಿದ್ರು."

ಗೋಡೆಯಾಚೆ ಏನೂ ಇಲ್ಲ. ಮೊದಲನೇ ಮಹಡಿ. ಹದಿನಾಲ್ಕು ಅಡಿ ಕೆಳಗೆ ಓಣಿ. ಅವನು ಕತ್ತಲಲ್ಲಿ ಗೋಡೆಗೆ ಕಿವಿಯಿಟ್ಟ. ಸುಣ್ಣ ಬೆವರಿದಂತೆ ತಣ್ಣಗಿತ್ತು. ಬಹಳ ಹೊತ್ತು ಬರೀ ಮೌನ. ಆ ಮೌನ ಖಾಲಿಯಾಗಿರಲಿಲ್ಲ. ಒಂದೇ ಕೋಣೆಯಲ್ಲಿ ತುಂಬ ಜನ ಉಸಿರು ಹಿಡಿದು ಮಲಗಿದಂತಿತ್ತು. ಆಮೇಲೆ ಕೇಳಿಸಿತು. ಬಟ್ಟೆ ಮಣ್ಣಿಗೆ ಉಜ್ಜಿದ ಸದ್ದು. ಒಬ್ಬರು ಹೊರಳಿ ಇನ್ನೊಬ್ಬರಿಗೆ ಜಾಗ ಬಿಟ್ಟರು. ಅವರು ಇನ್ನೊಬ್ಬರಿಗೆ. ಸದ್ದು ಗೋಡೆಯುದ್ದಕ್ಕೂ ಹರಿದು ಬಂದು ಅವನ ಕಿವಿಯ ಎದುರಿಗೇ ನಿಂತಿತು.

ಅವನು ಮಂಚವನ್ನು ಹಾಲ್‌ಗೆ ತಂದ. ಎಂಟನೆಯ ದಿನ ರಾಜಶ್ರೀಯನ್ನು ಯಡಿಯೂರಿನಲ್ಲಿದ್ದ ಸಹೋದ್ಯೋಗಿಯ ಮನೆಗೆ ಕರೆದೊಯ್ದ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಅವಳು ಮಲಗಿದ್ದ ಕೋಣೆಯ ಬಾಗಿಲು ಮಂಚಕ್ಕೆ ಸಿಕ್ಕಿಕೊಂಡು, ಬಾಗಿಲನ್ನು ಕೀಲಿನಿಂದ ಕಳಚಿ ಅವಳನ್ನು ಹೊರತರಬೇಕಾಯಿತು. ಸಹೋದ್ಯೋಗಿ ಇನ್ನೊಮ್ಮೆ ಬನ್ನಿ ಎನ್ನಲಿಲ್ಲ. ಅವರು ಬಿಟಿಎಂಗೇ ಮರಳಿದರು. ಬಿಟ್ಟು ಬಂದ ಕೋಣೆ ಅವಳಿಲ್ಲದ ದಿನದಲ್ಲೂ ತನ್ನ ಪಾಲಿನ ಅಂಗುಲಗಳನ್ನು ಕಳೆದುಕೊಂಡಿತ್ತು.

ಇಷ್ಟಾದರೂ ಸಿದ್ದಾರೂಢ ಮಾರಯ್ಯನ ಬಳಿ ಹೋಗಲಿಲ್ಲ. ಅವನು ಕಾಗದ ನಂಬಿದವನು. ಕಾಗದದಲ್ಲಿ ಆದ ತಪ್ಪನ್ನು ಕಾಗದದಲ್ಲೇ ತಿದ್ದಬಹುದೆಂದುಕೊಂಡ. ಹನ್ನೆರಡನೆಯ ದಿನ ಜಯನಗರದ ಸೇತುರಾಮರ ಮನೆಗೆ ಹೋಗಿ, ಗೆರೆ ತಪ್ಪಾಗಿದೆ, ಹೊಸ ನಕ್ಷೆ ಕೊಡುತ್ತೇನೆ, ಒಪ್ಪಿ ಸಹಿ ಹಾಕಿ ಎಂದು ಬೇಡಿದ. ಸೇತುರಾಮ ಕೆಟ್ಟವರಲ್ಲ. ಕಾಫಿ ಕೊಡಿಸಿದರು. ಹದಿನಾರು ವರ್ಷದಿಂದ ಕಾದಿರುವ ನೂರಾ ನಲವತ್ತು ಮಂದಿ ಸದಸ್ಯರ ಬಗ್ಗೆ, ಸೈಟಿನ ಮುಖ ನೋಡದೆಯೇ ತೀರಿಕೊಂಡವರ ಬಗ್ಗೆ ಹೇಳಿದರು. ಸ್ಮಶಾನದ ಪಕ್ಕದ ಸಾಲಿನಲ್ಲಿ ಅವರದೂ ಒಂದು ಸೈಟಿತ್ತು.

"ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ ಸಿದ್ದಾರೂಢ," ಎಂದರು. "ಹತ್ತಡಿ ಬಿಟ್ಕೊಟ್ರೆ ಒಂದು ಸಾಲು ಸೈಟೇ ಹೋಗತ್ತೆ. ಮೂವತ್ತು ಫ್ಯಾಮಿಲಿ. ಬದುಕಿರೋರು ಕಣ್ರೀ ಅವರು."

ಸತ್ತವರೂ ಜಾಗ ಕೇಳುತ್ತಿದ್ದಾರೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮರುದಿನ ದಾಖಲೆಯ ಕಚೇರಿಗೆ ಹೋದ. ಒಮ್ಮೆ ಕಂಪ್ಯೂಟರಿಗೆ ಹತ್ತಿದ ಗಡಿಯನ್ನು ತಿದ್ದಲು ಅರ್ಜಿ ಕೊಡಬೇಕು, ಎರಡೂ ಕಡೆಗೆ ನೋಟಿಸು ಹೋಗಬೇಕು, ವಿಚಾರಣೆಗೆ ಮೂರು ತಿಂಗಳಾಗುತ್ತದೆ ಎಂದರು. ಸ್ಮಶಾನದ ಕಡೆಯವರು ಯಾರೆಂದು ಬರೆಯಬೇಕು ಎಂದು ಅವನು ಕೇಳಿದ. ಗುಮಾಸ್ತೆ ಪರದೆಯನ್ನು ಅವನತ್ತ ತಿರುಗಿಸಿದಳು. ಆ ಜಾಗದ ಎದುರು, ಸ್ವಾಧೀನದಲ್ಲಿರುವವರ ಹೆಸರಿನ ಕಾಲಂ ಖಾಲಿಯಿತ್ತು. ಅಲ್ಲಿ ಯಾರೂ ಇರಲಿಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಅವನು ಕೋಣೆಯ ಬಾಗಿಲು ತಳ್ಳಿದ. ಒಂದು ಗೇಣು ತೆರೆಯಿತು. ಎದುರಿಗೇ ಗೋಡೆ. ಬೆಳ್ಳಗಿನ ಸುಣ್ಣದ ಮೇಲೆ, ಒಳಗಿನಿಂದ ಒತ್ತಿದಂತೆ, ಸಾಲಾಗಿ ಬೆನ್ನುಗಳ ಉಬ್ಬು. ಒಂದು ಭುಜ. ಒಂದು ಚಿಕ್ಕ ಮಗುವಿನ ಹಿಂದಲೆ. ಅವನು ಬಾಗಿಲೆಳೆದು ಹಾಲ್‌ಗೆ ಬಂದ. ರಾಜಶ್ರೀ ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಕೂಸು ನಿನ್ನಿಯಿಂದ ಮಿಸುಕಾಡಿಲ್ರಿ," ಎಂದಳು. "ಒಳಗ ಜಾಗಾ ಇಲ್ದಂಗ ಮುದುಡಿ ಕುಂತೈತಿ."

ಅವಳನ್ನು ಆಟೊದಲ್ಲಿ ಆಸ್ಪತ್ರೆಗೆ ಸೇರಿಸಿದ. ಕೂಸಿನ ಎದೆಬಡಿತ ತೀರ ನಿಧಾನವಾಗಿದೆ, ಸಂಜೆಯವರೆಗೆ ನೋಡೋಣ ಎಂದರು. ಮನೆಯೆಂದರೆ ಗೋಡೆ, ಚಾವಣಿ ಎಂದಷ್ಟೇ ಅವನು ತಿಳಿದಿದ್ದ. ಇನ್ನೂ ಒಳಗೊಂದು ಮನೆಯಿತ್ತು. ಅದೂ ಹದಿನೈದು ದಿನದಿಂದ ಕಿರಿದಾಗುತ್ತಾ ಬಂದಿತ್ತು. ಅವನು ಆಸ್ಪತ್ರೆಯ ಮೆಟ್ಟಿಲಿಳಿದು ಬಿಳೇಕುಂಟೆಗೆ ಹೋಗುವ ಆಟೊ ಹಿಡಿದ.

ಸಂಘದವರು ಗೂಟಗಳಿಗೆ ಮುಳ್ಳುತಂತಿ ಎಳೆದಿದ್ದರು. ಚರಂಡಿಗೆಂದು ಕಾಲುವೆ ಅಗೆದಿದ್ದರು. ಕಾಲುವೆಯಲ್ಲಿ ಸಿಕ್ಕಿದ್ದನ್ನು ಒಂದು ಕಡೆ ಗುಡ್ಡೆ ಹಾಕಿ ನೀಲಿ ಟಾರ್ಪಾಲು ಮುಚ್ಚಿದ್ದರು. ಟಾರ್ಪಾಲಿನ ಮೇಲೆ ಯಾರೋ ಕುಂಕುಮ ಎರಚಿದ್ದರು.

ಮಾರಯ್ಯ ಗುಡಿಸಲೊಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಂದಿನಿಂದ ಎದ್ದಿಲ್ಲ ಎಂದಳು ಪಿಳ್ಳಮ್ಮ. ಒಡೆದ ಉಂಡೆಯ ಹೋಳುಗಳನ್ನು ಅವಳು ಕುಂಟೆಯ ನೀರಿನಲ್ಲಿ ನೆನೆಹಾಕಿ ಇಟ್ಟುಕೊಂಡಿದ್ದಳು. ಇವನು ಬರುತ್ತಾನೆಂದು ಗೊತ್ತಿದ್ದವಳಂತೆ. ಕ್ಷಮೆ ಕೇಳಲು ಬಾಯಿ ತೆರೆದವನನ್ನು ಕೈಸನ್ನೆಯಲ್ಲೇ ತಡೆದಳು. ಅದೇ ಮಣ್ಣನ್ನು ಹೊತ್ತು, ಒಡೆದವನೇ ನಿಜವಾದ ಗೆರೆಯನ್ನು ತುಳಿಯಬೇಕು, ಹೊತ್ತು ಮುಳುಗುವುದರೊಳಗೆ. ಬೇರೆ ದಾರಿಯಿಲ್ಲ ಎಂದಳು.

ಆ ಗೆರೆ ತೋರಿಸುವವರು ಯಾರು, ಅಜ್ಜ ಏಳುವ ಸ್ಥಿತಿಯಲ್ಲಿಲ್ಲವಲ್ಲ ಎಂದ ಸಿದ್ದಾರೂಢ.

"ನಾನು. ಚಿಕ್ಕೋಳಿದ್ದಾಗಿಂದ ಅಪ್ಪನಿಗೆ ಬುತ್ತಿ ಹೊತ್ಕೊಂಡು ಆ ಗೆರೆ ಮ್ಯಾಲೇ ಓಡಾಡಿವ್ನಿ. ಹೆಂಗಸ್ರು ಮಣ್ಣು ಹೊರಂಗಿಲ್ಲ ಅಂತವ್ರೆ. ನಮಗೆ ಗೊತ್ತಾ ಅಂತ ಯಾರೂ ಕೇಳಿಲ್ಲ."

ಅವಳು ಉಂಡೆ ಕಟ್ಟುತ್ತಾ ಇನ್ನೊಂದು ಮಾತು ಹೇಳಿದಳು. ಮಣ್ಣು ಹೊತ್ತು ಗೆರೆಯನ್ನು ಸರಿಯಾಗಿ ತುಳಿದು ಮುಗಿಸಿದವನು ಗೆರೆಯವನಾಗುತ್ತಾನೆ. ಅಪ್ಪ ಹತ್ತೊಂಬತ್ತರ ವಯಸ್ಸಿನಲ್ಲಿ ಮಣ್ಣು ಹೊತ್ತವನು. ಅಲ್ಲಿಂದೀಚೆಗೆ ಐವತ್ತೆರಡು ವರ್ಷ ಒಂದು ದಿನವೂ ಈ ಎರಡೂವರೆ ಎಕರೆ ದಾಟಿಲ್ಲ. ಅವಳ ಮದುವೆಗೂ ಹೋಗಿಲ್ಲ. ಊರಿನವರು ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಗೆರೆ ಅವನನ್ನು ಹೊರಗೆ ಬಿಡಲಿಲ್ಲ.

"ಯೋಚ್ನೆ ಮಾಡಿ ಸಾರ್," ಎಂದಳು. "ಮಣ್ಣು ಇನ್ನೊಬ್ಬರ ತಲೆಗೆ ಹೋಗೋಕ್ ಮುಂಚೆ ಮೂರು ಸಲ ಬ್ಯಾಡ ಅನ್ನಬೇಕು ಅಂತ ಕಟ್ಟಳೆ. ಅಪ್ಪ ಅಂದಾಯ್ತು."

ಅವನು ಗೋಡೆಗೆ ಮುಖ ಮಾಡಿದ್ದ ಮುದುಕನ ಬೆನ್ನು ನೋಡಿದ. ಅಂದು ಹೊಂಗೆಯ ಬೇರಿನ ಮೇಲೆ ಕುಸಿದದ್ದು ಬರೀ ದಣಿವೇ? ಕೇಳಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಸಣ್ಣ ಎದೆ ನಿಧಾನವಾಗಿ ಬಡಿದುಕೊಳ್ಳುತ್ತಿತ್ತು. ಅವನು ತಲೆ ಬಾಗಿಸಿದ.

ಈ ಸಲ ಉಂಡೆ ಹಗುರಾಗಿರಲಿಲ್ಲ. ಕುತ್ತಿಗೆಯ ನರಗಳು ಬಿಗಿದವು. ಪಿಳ್ಳಮ್ಮ ಮುಂದೆ, ಅವನು ಹಿಂದೆ. ಕಾಲೋನಿಯ ಜನ ಮತ್ತೆ ಬಂದು ದೂರದಲ್ಲಿ ನಿಂತರು. ಅವಳು ಹಿಂದಿರುಗಿ ನೋಡದೆ ಹೆಜ್ಜೆಹೆಜ್ಜೆಗೆ ಹೇಳುತ್ತಾ ಹೋದಳು. ಇದು ಬೇವಿನ ಮೋಟು, ಬಲಕ್ಕೆ ಬಿಡಿ. ಇದು ಪ್ಲೇಗಿನಲ್ಲಿ ಸತ್ತವರ ಗುಡ್ಡೆ, ಬಳಸಿ. ಇಲ್ಲಿ ನಮ್ಮವ್ವ, ಕಾಲು ತಾಗಿಸಬೇಡಿ. ಏನೂ ಇಲ್ಲದ ಕಡೆ ಮಾರಯ್ಯ ತಿರುಗಿದ್ದ ಎಂದುಕೊಂಡಿದ್ದನಲ್ಲ, ಅಲ್ಲಿ ಹೆಸರಿಡುವ ಮೊದಲೇ ತೀರಿಹೋದ ಒಂಬತ್ತು ಕೂಸುಗಳು ಒಂದರ ಪಕ್ಕ ಒಂದು ಮಲಗಿದ್ದವು. ಗೆರೆಯ ಪ್ರತಿಯೊಂದು ಸೊಟ್ಟೂ ಒಬ್ಬರ ಮೈಯಳತೆಯಾಗಿತ್ತು.

ಮುಳ್ಳುತಂತಿ ಅಡ್ಡ ಬಂತು. ಅವನು ನಿಲ್ಲಲಿಲ್ಲ. ತೊಡೆ ಸೀಳಿತು. ಕಾಲುವೆ ಬಂತು. ಇಳಿದ. ಮೊಣಕಾಲವರೆಗೆ ಕೆಸರು. ಕೆಸರಿನೊಳಗೆ ಏನೋ ಅವನ ಹಿಮ್ಮಡಿ ಹಿಡಿಯಿತು. ಬಿಟ್ಟಿತು. ಮತ್ತೆ ಹಿಡಿಯಿತು. ಬೀಳಿಸಲಲ್ಲ. ಹೆಜ್ಜೆಯನ್ನು ಒಂದು ಗೇಣು ಎಡಕ್ಕೆ ಸರಿಸಿ ಇಟ್ಟಿತು.

ಹೊತ್ತು ಇಳಿಯಿತು. ಉಂಡೆಯೊಳಗೆ ನೀರು ಅಲುಗಾಡುವ ಸದ್ದು ತಲೆಬುರುಡೆಯೊಳಗೇ ಕೇಳಿಸಿತು. ಬೂದಿಯ ವಾಸನೆ. ಬಾಡಿದ ಚೆಂಡುಹೂವಿನ ವಾಸನೆ. ನೆಲದೊಳಗಿಂದ ಸದ್ದು. ಒಬ್ಬರು ಹೊರಳಿದರು. ಇನ್ನೊಬ್ಬರು. ಅವನ ಹೆಜ್ಜೆಯ ಹಿಂದೆಯೇ ಸಾಲಾಗಿ. ಗೋಡೆಯಲ್ಲಿ ಕೇಳಿದ್ದೇ ಸದ್ದು. ಈಗ ಅವರು ಮರಳುತ್ತಿದ್ದರು.

ಕೊನೆಯ ಐವತ್ತು ಹೆಜ್ಜೆ. ಎಡಗಡೆಯಿಂದ ದನಿ ಬಂತು.

"ರೀ. ಇತ್ತಾಗ ನೋಡ್ರಿ."

ರಾಜಶ್ರೀಯ ದನಿ. ತಂತಿಯಾಚೆ. ಕೈಚಾಚಿದರೆ ಸಿಗುವಷ್ಟು ಹತ್ತಿರ. ಪಿಳ್ಳಮ್ಮ ತಿರುಗಲಿಲ್ಲ. ಅವನೂ ತಿರುಗಲಿಲ್ಲ. ಕುತ್ತಿಗೆ ನಡುಗಿತು. ಮಣ್ಣು ಬಿರಿಯುವ ಸದ್ದು. ಒಂದು ಹನಿ ಹಣೆಗಿಳಿಯಿತು. ಬೆಚ್ಚಗೆ. ದನಿ ಅಳತೊಡಗಿತು. ಕೂಸು ಹೋತ್ರಿ ಎಂದಿತು. ಒಂದ್ಸಲ ನೋಡ್ರಿ ಎಂದಿತು. ಅವನು ಹಲ್ಲು ಕಚ್ಚಿದ. ಇಪ್ಪತ್ತು ಹೆಜ್ಜೆ. ಹತ್ತು. ಕಣ್ಣು ಮುಚ್ಚಿದ. ಮೂರು. ಎರಡು.

ಪಿಳ್ಳಮ್ಮ ನಿಂತಳು. ಸೂರ್ಯನ ಕೊನೆಯ ಅಂಚು ಮುಳುಗಿತು. ಅವಳು ಉಂಡೆಯನ್ನು ಇಳಿಸಿದಳು. ಅದು ಒಂದು ಬಿರುಕೂ ಇಲ್ಲದೆ ಇಡಿಯಾಗಿತ್ತು. ಅವನು ಅಲ್ಲೇ ಕುಸಿದು ಬೆಳಗಿನವರೆಗೆ ಎಚ್ಚರವಿಲ್ಲದೆ ಬಿದ್ದಿದ್ದ.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿ ಅತ್ತಿತೆಂದು ಅವನಿಗೆ ಗೊತ್ತಾದದ್ದು ಮರುದಿನ, ಸುದ್ದಿ ತಂದ ದೇವದಾಸನಿಂದ. ಅಷ್ಟರಲ್ಲಿ ಮಾರಯ್ಯ ಎದ್ದಿದ್ದ. ಮುಖ ತೊಳೆದು, ಒಗೆದ ಪಂಚೆಯುಟ್ಟು, ಮಗಳ ಕೈ ಹಿಡಿದು ಗೆರೆಯವರೆಗೆ ಬಂದ. ಒಂದು ಕಾಲನ್ನು ಆಚೆಗಿಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತ. ಆಮೇಲೆ ಇನ್ನೊಂದು. ಸಿದ್ದಾರೂಢನತ್ತ ತಿರುಗಿ ಕೈಮುಗಿದ. ಲಾಲ್‌ಬಾಗ್ ನೋಡಬೇಕು ಅಂತವ್ನೆ ಎಂದಳು ಪಿಳ್ಳಮ್ಮ. ಅವರಿಬ್ಬರೂ ಮಾರ್ಕೆಟ್ಟಿನ ಬಸ್ಸು ಹತ್ತಿದರು. ಮರಳಿ ಬರಲಿಲ್ಲ.

ಸಿದ್ದಾರೂಢ ಅವರ ಹಿಂದೆಯೇ ಹೊರಟಿದ್ದ. ಕೂಸು ನೋಡಬೇಕಿತ್ತು. ಬಲಗಾಲು ಗೆರೆಯಾಚೆ ಊರಿದ್ದೇ ತಡ, ಬೆಳಕು ಆರಿತು. ಬೆಳಗಿನ ಒಂಬತ್ತು ಗಂಟೆಯ ರಸ್ತೆ, ಬಸ್ಸು, ಆಕಾಶ ಯಾವುದೂ ಇಲ್ಲ. ಎದೆಯ ಮೇಲೆ ಆಳೆತ್ತರದ ಮಣ್ಣಿನ ಭಾರ. ಉಸಿರೆಳೆದರೆ ಗಾಳಿಯಿಲ್ಲ. ದೇವದಾಸ ಅಂಗಿ ಹಿಡಿದು ಒಳಗೆಳೆದುಕೊಂಡ ಮೇಲೆಯೇ ಕಣ್ಣು ಕಂಡದ್ದು. ಅವನು ಮತ್ತೆ ಮತ್ತೆ ಪ್ರಯತ್ನಿಸಿದ. ಬೇರೆ ಬೇರೆ ಕಡೆಯಿಂದ, ಓಡಿ, ತೆವಳಿ. ಆಚೆ ಎಲ್ಲೆಡೆಯೂ ಅದೇ ಕತ್ತಲು.

ದಾಖಲೆಯಲ್ಲಿ ಗೆರೆ ಇಂದಿಗೂ ನೇರವಾಗಿಯೇ ಇದೆ. ಅವನು ಗುಡಿಸಲಿನಿಂದಲೇ ಬರೆದ ಅರ್ಜಿಗಳು ಯಾವುದೋ ಕಡತದಲ್ಲಿವೆ. ಆ ಹತ್ತು ಅಡಿಯಲ್ಲಿ ಮೊದಲು ಮನೆ ಕಟ್ಟಿಸಿದವರು ಸೇತುರಾಮ. ಗೃಹಪ್ರವೇಶದ ಆರನೆಯ ದಿನ ಅವರ ಮಲಗುವ ಕೋಣೆಯ ಬಾಗಿಲು ತೆರೆಯದಾಯಿತು. ಆಮೇಲೆ ಅಲ್ಲಿ ಯಾರೂ ಪಾಯ ತೋಡಲಿಲ್ಲ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಕುಂಟೆಯ ನೀರು ಬತ್ತಿತು. ಬಿಳೇಕುಂಟೆ ಎಂಬ ಹೆಸರು ಬಸ್ಸಿನ ಫಲಕದಿಂದ ಇಳಿದುಹೋಯಿತು. ಕಾಲೋನಿಯವರು ತಮ್ಮ ಸತ್ತವರನ್ನು ಹೊತ್ತು ತಂದಾಗ ಅವನು ಜಾಗ ತೋರಿಸಿದ.

ರಾಜಶ್ರೀ ಕೂಸಿನೊಂದಿಗೆ ಗದಗಿನ ತವರಿಗೆ ಹೋಗಿದ್ದಳು. ಎರಡು ಮೂರು ತಿಂಗಳಿಗೊಮ್ಮೆ ಒಬ್ಬಳೇ ಬಂದು, ಗುಡಿಸಲಲ್ಲಿ ಎರಡು ದಿನ ಇದ್ದು, ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು. ಮಗಳನ್ನು ಮಾತ್ರ ತರಬೇಡವೆಂದು ಅವನು ಹೇಳಿದ್ದ. ಕಾರಣ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಲ್ಕು ವರ್ಷ ಫೋಟೊಗಳಲ್ಲೇ ನೋಡಿದ. ಮಗಳಿಗೆ ನಾಲ್ಕು ತುಂಬಿದ ಏಪ್ರಿಲ್‌ನಲ್ಲಿ ರಾಜಶ್ರೀಯ ತಾಯಿ ತೀರಿಕೊಂಡರು. ಮಗುವನ್ನು ಬಿಟ್ಟು ಬರಲು ಯಾರೂ ಉಳಿದಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಆಟೊ ಬಂದು ನಿಂತಿತು. ರಾಜಶ್ರೀ ಗಂಡನಿಗೆ ಮಗಳ ಮುಖ ಒಮ್ಮೆ ತೋರಿಸಿ ಹಾಗೆಯೇ ಹಿಂತಿರುಗುವೆನೆಂದು ಆಟೊದವನಿಗೆ ಕಾಯಲು ಹೇಳಿ, ಪ್ರಿಯಾಂಕಾಳನ್ನು ಎತ್ತಿಕೊಂಡೇ ಒಳಗೆ ಬಂದಳು. ಮಗು ಅಪ್ಪನ ಗಡ್ಡ ಮುಟ್ಟಿ ನೋಡಿತು. ಎತ್ತಿಕೊಂಡು ಕೈಸೋತ ರಾಜಶ್ರೀ, ಒಂದು ಗಳಿಗೆ ಇಲ್ಲೇ ನಿಲ್ಲು ಅವ್ವಿ ಎಂದು ಮಗಳನ್ನು ಕೆಳಗಿಳಿಸಿದಳು.

ಮಗು ನಿಲ್ಲಲಿಲ್ಲ. ಕಳೆಗಿಡಗಳ ನಡುವೆ ನಡೆಯಿತು. ಮೊದಲು ಇಬ್ಬರೂ ನಕ್ಕರು. ಆಮೇಲೆ ಸಿದ್ದಾರೂಢ ನಗುವುದನ್ನು ನಿಲ್ಲಿಸಿದ. ಅದು ಬೇವಿನ ಮೋಟಿದ್ದ ಜಾಗವನ್ನು ಬಲಕ್ಕೆ ಬಿಟ್ಟಿತು. ಗುಡ್ಡೆ ಕುಸಿದು ಸಪಾಟಾಗಿದ್ದ ನೆಲವನ್ನು ಬಳಸಿತು. ಹೆಸರಿಲ್ಲದ ಒಂಬತ್ತು ಕೂಸುಗಳ ಬಳಿ ಎಡಕ್ಕೆ ತಿರುಗಿತು. ಅವನು ಓಡಿಹೋಗಿ ಎತ್ತಿಕೊಳ್ಳಬೇಕೆಂದುಕೊಂಡ. ಕಾಲು ಏಳಲಿಲ್ಲ. ಮುಚ್ಚಿಹೋದ ಕಾಲುವೆಯ ಮೇಲೆ, ಹರಿದ ತಂತಿಯ ಕೆಳಗೆ, ಒಂದು ಹೆಜ್ಜೆಯೂ ತಪ್ಪದೆ ತಲೆಯ ಮೇಲೆ ಏನೋ ಹೊತ್ತಂತೆ ಕುತ್ತಿಗೆ ನೆಟ್ಟಗಿಟ್ಟುಕೊಂಡು ಮಗು ಇಡೀ ಗೆರೆಯನ್ನು ಸುತ್ತಿ ಬಂದು ಅವರ ಮುಂದೆ ನಿಂತಿತು. ಮೈ ಬೆವರಿರಲಿಲ್ಲ.

ರಾಜಶ್ರೀ ಗಂಡನ ಮುಖ ನೋಡಿದಳು. ಮಗಳ ಕೈ ಹಿಡಿದು ಸರಸರನೆ ಆಟೊದ ಕಡೆ ನಡೆದಳು. ಗೆರೆಯ ಬಳಿ ಮಗು ನಿಂತುಬಿಟ್ಟಿತು. ಎದುರಿಗೆ ಬಿಸಿಲಲ್ಲಿ ಡಾಂಬರು ರಸ್ತೆ ಹೊಳೆಯುತ್ತಿತ್ತು. ಆಟೊದ ಗಾಜು ಮಿನುಗುತ್ತಿತ್ತು.

"ನಡಿ, ಚಿನ್ನಿ."

ಮಗು ತಾಯಿಯ ಕೈಯಿಂದ ಬೆರಳು ಬಿಡಿಸಿಕೊಂಡಿತು.

"ಅಲ್ಲೆ ಕತ್ತಲ ಐತಿ, ಅವ್ವಾ," ಎಂದಿತು.

ರಾಜಶ್ರೀ ಬಹಳ ಹೊತ್ತು ಆ ರಸ್ತೆಯನ್ನು ನೋಡುತ್ತಾ ನಿಂತಳು. ಆಮೇಲೆ ಆಟೊದವನಿಗೆ ಹೋಗು ಎಂದು ಕೈಸನ್ನೆ ಮಾಡಿದಳು.